ಜೊತೆಗೂಡಿ ಹಚ್ಚಿದ್ದನ್ನು ಜೊತೆಗೂಡಿಯೇ ಆರಿಸೋಣ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಬೀಡಿ-ಸಿಗರೇಟು ಸೇದುವವರಿಗೆ, ಸೇದಿ ಬಿಟ್ಟವರ ಮನವಿ



ನಮ್ಮ ಕಡೆ ಯಾರೂ ಒಬ್ಬಂಟಿಯಾಗಿ ಕೂತು ಬೀಡಿ ಕಲಿತದ್ದಿಲ್ಲ. ಅಪ್ಪನೋ ದೊಡ್ಡಪ್ಪನೋ "ಒಲೇಲಿ ಹಚ್ಚಿಸ್ಕೊಂಡು ಬಾರಲೇ" ಎಂದು ಬೀಡಿ ಕೊಟ್ಟು ಕಳಿಸುತ್ತಿದ್ದರು. ಅಡುಗೆಮನೆಯಿಂದ ಜಗಲಿಗೆ ಬರುವ ಹತ್ತು ಹೆಜ್ಜೆಯಲ್ಲಿ, ಆರಿಹೋಗಬಾರದಲ್ಲ ಎಂಬ ನೆಪಕ್ಕೆ ಎಳೆದ ಎರಡು ದಮ್ಮೇ ಎಷ್ಟೋ ಜನಕ್ಕೆ ಮೊದಲ ಪಾಠ. ಚನ್ನಗಿರಿ ಕಡೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಿದ್ದೆ ತಡೆಯಲಿ ಎಂದು ಪಕ್ಕದವನು ಕೊಟ್ಟ. ಹೊನ್ನಾಳಿ ಕಡೆ ಗದ್ದೆಗೆ ನೀರು ಕಟ್ಟಲು ಹೋದಾಗ ಚಳಿಗೆಂದು ಹಚ್ಚಿದೆವು. ನ್ಯಾಮತಿಯಲ್ಲಿ ಮೆಕ್ಕೆಜೋಳದ ಲೋಡಿನ ಮೇಲೆ ಕೂತು. ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕೂಲಿಗೆ ಹೋಗಿ, ಶೆಡ್ಡಿನಲ್ಲಿ. "ಬೆಂಕಿಪಟ್ಣ ಐತೇನಣ್ಣ?" ಎಂದು ಯಾರು ಕೇಳಿದರೂ ಊರು, ಜಾತಿ ವಿಚಾರಿಸದೆ ಕೊಡುತ್ತೇವೆ. ಬೀಡಿಯ ಬಲ ತಂಬಾಕಿನಲ್ಲಿ ಎಷ್ಟಿದೆಯೋ ಈ ಸ್ನೇಹದಲ್ಲೂ ಅಷ್ಟೇ ಇದೆ.

ಹಚ್ಚುವಾಗ ಇಷ್ಟು ಜನ ಇದ್ದರು. ಬಿಡುವಾಗ ಮಾತ್ರ "ನಿಂಗೆ ಛಲ ಇಲ್ಲ" ಎಂದು ಒಬ್ಬನ ತಲೆಗೆ ಕಟ್ಟುತ್ತಾರೆ. ಇದು ನ್ಯಾಯವಲ್ಲ ಎಂದು ಹೇಳಲಿಕ್ಕೇ ಈ ಕರಪತ್ರ.

ಇದನ್ನು ಬರೆಯುತ್ತಿರುವವನು ಇಪ್ಪತ್ತೆರಡು ವರ್ಷ ಸೇದಿದವನು. ಮೂರು ಸಲ ಒಬ್ಬನೇ ಬಿಟ್ಟೆ. ಯುಗಾದಿಗೆ ಒಮ್ಮೆ, ಮಗಳು ಹುಟ್ಟಿದಾಗ ಒಮ್ಮೆ, ಎದೆ ನೋವು ಬಂದು ಹೆದರಿದಾಗ ಒಮ್ಮೆ. ಯಾರಿಗೂ ಹೇಳಲಿಲ್ಲ, ಮತ್ತೆ ಹಿಡಿದರೆ ನಗುತ್ತಾರಲ್ಲ ಎಂಬ ಭಯ. ಹೇಳದಿದ್ದಕ್ಕೆ ಟೀ ಅಂಗಡಿಯಲ್ಲಿ ಗೆಳೆಯ ಎಂದಿನಂತೆ ಬೀಡಿ ಕಟ್ಟು ಚಾಚಿದ. ಬೇಡ ಎನ್ನಲು ಕಾರಣ ಹುಡುಕುವುದಕ್ಕಿಂತ ತೆಗೆದುಕೊಳ್ಳುವುದೇ ಸಲೀಸಾಗಿತ್ತು. ನಾಲ್ಕನೇ ಸಲ ಆ ಗೆಳೆಯನೂ ಸೇರಿ ಐದು ಜನ ಒಟ್ಟಿಗೆ ಬಿಟ್ಟೆವು. ಮೂವರು ನಿಂತೆವು. ಒಬ್ಬ ಎರಡು ಸಲ ಜಾರಿ ಮತ್ತೆ ಬಂದು ಸೇರಿದ. ಇನ್ನೊಬ್ಬ ಈಗಲೂ ಸೇದುತ್ತಾನೆ, ಆದರೆ ನಮ್ಮೆದುರು ಹಚ್ಚುವುದಿಲ್ಲ.

ನಮ್ಮ ಐವರ ಕಥೆ ಪುರಾವೆಯಾಗದು ಎನ್ನುತ್ತೀರಾ? ಒಪ್ಪಿದೆ. ಯಾರ ನೆರವೂ ಇಲ್ಲದೆ ಬಿಡುವ ನೂರು ಜನರಲ್ಲಿ ವರ್ಷದ ಕೊನೆಗೆ ಬಿಟ್ಟೇ ಉಳಿಯುವವರು ಮೂವರಿಂದ ಐವರು ಎಂದು ಸಂಶೋಧನೆಗಳು ಹೇಳುತ್ತವೆ. ಸಲಹೆಗಾರರ ಜೊತೆ ಗುಂಪಾಗಿ ಕೂತು ಬಿಡುವವರಲ್ಲಿ, ಪುಸ್ತಕ ಓದಿಕೊಂಡು ತಾವೇ ಬಿಡುವವರಿಗಿಂತ ಯಶಸ್ಸು ಹೆಚ್ಚುಕಡಿಮೆ ದುಪ್ಪಟ್ಟು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೃದಯರೋಗದ ಅಧ್ಯಯನದಲ್ಲಿದ್ದ ಜನ ಮತ್ತು ಅವರ ಬಂಧುಮಿತ್ರರು, ಒಟ್ಟು 12,067 ಮಂದಿಯ 1971ರಿಂದ 2003ರವರೆಗಿನ ಲೆಕ್ಕ ತೆಗೆದು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಇಬ್ಬರು 2008ರಲ್ಲಿ ಪ್ರಕಟಿಸಿದರು. ಗಂಡ-ಹೆಂಡತಿಯಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು ಇಳಿದಿತ್ತು, ಗೆಳೆಯ ಬಿಟ್ಟರೆ ಶೇ. 36, ಒಡಹುಟ್ಟಿದವರು ಬಿಟ್ಟರೆ ಶೇ. 25. ಅಣ್ಣನ ಮಾತಿಗಿಂತ ಕಟ್ಟೆಯ ಗೆಳೆಯನ ನಡೆ ಹೆಚ್ಚು ತಟ್ಟುತ್ತದೆ ಎಂಬುದು ನಮಗೂ ಗೊತ್ತಿರುವುದೇ. ಜನ ಅಲ್ಲಿ ಒಬ್ಬೊಬ್ಬರಾಗಿ ಬಿಡಲಿಲ್ಲ, ಗುಂಪುಗುಂಪಾಗಿ ಬಿಟ್ಟರು.

ಇದಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಅಯ್ಯಪ್ಪ ಮಾಲೆ ಹಾಕಿದವರನ್ನು ನೋಡಿ. ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದವನು 41 ದಿನ ಬೀಡಿ ಮುಟ್ಟುವುದಿಲ್ಲ. ಫೆಬ್ರವರಿ 15ರ ಸೇವಾಲಾಲ್ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ನಡೆದು ಬರುವ ಮಾಲಾಧಾರಿಗಳೂ ಹಾಗೆಯೇ. ರಂಜಾನ್ ತಿಂಗಳಲ್ಲಿ ನಮ್ಮ ಮುಸ್ಲಿಂ ಗೆಳೆಯರು ಬೆಳಗಿನಿಂದ ಸಂಜೆವರೆಗೆ ನೀರನ್ನೂ ಮುಟ್ಟುವುದಿಲ್ಲ, ಬೀಡಿ ದೂರದ ಮಾತು. ಆಗ ಎಲ್ಲಿಂದ ಬಂತು ಆ ಛಲ? ಭಕ್ತಿ ಇದೆ, ನಿಜ. ಜೊತೆಗೆ ಇನ್ನೊಂದಿದೆ: ಒಟ್ಟಿಗೆ ಏಳುವ, ಒಟ್ಟಿಗೆ ಉಣ್ಣುವ ಹತ್ತು ಜನರೂ ಬಿಟ್ಟಿರುತ್ತಾರೆ. ಊರೆಲ್ಲ "ಸ್ವಾಮಿ" ಎಂದು ಕರೆಯುತ್ತದೆ, ಯಾರೂ ಕಟ್ಟು ಚಾಚುವುದಿಲ್ಲ. ನಿಕೋಟಿನ್ ಬಿಟ್ಟ ದೇಹದ ಒದ್ದಾಟ ಮೊದಲ ಮೂರು ದಿನ ಜೋರಾಗಿದ್ದು ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿದುಹೋಗುತ್ತದೆ. ಅಂದರೆ ಮಾಲೆ ತೆಗೆಯುವ ದಿನ ಆ ಮನುಷ್ಯನ ಮೈ ಬೀಡಿಯನ್ನು ಆಗಲೇ ಬಿಟ್ಟಾಗಿರುತ್ತದೆ. ಮಾಲೆ ತೆಗೆದ ಸಂಜೆ ಮತ್ತೆ ಹಚ್ಚಿಸುವುದು ಹಳೆಯ ಕಟ್ಟೆ, ಹಳೆಯ ಗೆಳೆಯರು, "ಇನ್ನೇನಪ್ಪ, ವ್ರತ ಮುಗೀತಲ್ಲ" ಎಂಬ ಮಾತು. ಆ ಮಾತು ಆಡುವವರೂ ನಾವೇ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದುಡ್ಡು ಕೇಳಲಿಲ್ಲ, ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿ ಎಂದು ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯ ಗುಟ್ಟು ಅದರ ಬಹಿರಂಗದಲ್ಲಿತ್ತು: ಊರ ಮುಂದೆ ಹಾಕಿದ್ದನ್ನು ಊರ ಮುಂದೆ ವಾಪಸ್ ತೆಗೆದುಕೊಳ್ಳುವುದು ಕಷ್ಟ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಗೊತ್ತೇ ಇವೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೇ ನವಜೀವನ ಸಮಿತಿ ಮಾಡಿಕೊಂಡು ಸೇರುತ್ತಿರುತ್ತಾರೆ. ಸಾರಾಯಿಗೆ ಆದದ್ದು ಬೀಡಿಗೆ ಏಕಾಗಬಾರದು?

ಬೀಡಿ ಬಿಟ್ಟವನಿಗೆ ಮಾತ್ರ ಗೊತ್ತಿರುವ ಸಣ್ಣ ಸಂಗತಿಗಳು ಬೇಕಾದಷ್ಟಿವೆ. ಬೆಳಿಗ್ಗೆ ಒಂದು ಬೀಡಿ ಎಳೆಯದೆ ಹೊಟ್ಟೆ ಖಾಲಿಯಾಗುವುದಿಲ್ಲ ಎಂಬುದನ್ನು ಯಾವ ಭಾಷಣಕಾರ ಹೇಳುತ್ತಾನೆ? ಜೊತೆಗಾರ ಹೇಳುತ್ತಾನೆ: "ನಂಗೂ ವಾರ ಪೂರ್ತಿ ಹಂಗೇ ಆಗಿತ್ತು ಮಾವ, ಬಿಸಿನೀರು ಕುಡಿ, ರಾತ್ರಿ ಬಾಳೆಹಣ್ಣು ತಿನ್ನು." ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಜಾಸ್ತಿಯಾಗುತ್ತದೆ. ಉಸಿರ್ನಾಳದ ಸಣ್ಣ ಕೂದಲುಗಳು ಮತ್ತೆ ಕೆಲಸ ಹಿಡಿದು ಕಫವನ್ನು ಮೇಲಕ್ಕೆ ತಳ್ಳುವ ಕಾಲ ಅದು. ಇದು ಗೊತ್ತಿಲ್ಲದವನು "ಬೀಡಿ ಬಿಟ್ಟೇ ಕೆಮ್ಮು ಬಂತು" ಎಂದು ಮತ್ತೆ ಹಚ್ಚುತ್ತಾನೆ. (ಎರಡು ವಾರ ದಾಟಿದ ಕೆಮ್ಮಿಗೆ ಮಾತ್ರ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಸೇದುವವರಿಗೆ ಕ್ಷಯ ಬೇಗ ಅಂಟುತ್ತದೆ.) ಸಿಟ್ಟು ಬರುತ್ತದೆ, ಹೆಂಡತಿ ಮಕ್ಕಳ ಮೇಲೆ ಹಾಯುತ್ತೇವೆ. ಮನೆಯವರಿಗೆ ಮೊದಲೇ ಹೇಳಿಡಿ. ಅಮ್ಮಂದಿರಲ್ಲಿ, ಅಕ್ಕಂದಿರಲ್ಲಿ ಒಂದು ಕೋರಿಕೆ: ಬೈದರೆ ಬೀಡಿ ಜಗಲಿಯಿಂದ ಹಿತ್ತಲಿಗೆ ಹೋಗುತ್ತದೆ, ಮನೆ ಬಿಟ್ಟು ಹೋಗುವುದಿಲ್ಲ.

"ಬೀಡಿ ಎಲೇದು, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಎಂಬ ವಾದಕ್ಕೆ ಒಂದೇ ಮಾತು. ಬೀಡಿ ಬೇಗ ಆರುತ್ತದೆ, ಆರಬಾರದೆಂದು ಜೋರಾಗಿ, ಪದೇಪದೇ ಎಳೆಯುತ್ತೇವೆ. ಸಣ್ಣ ಬೀಡಿಯ ಹೊಗೆ ಎದೆಯ ಆಳಕ್ಕೆ ಇಳಿಯುವುದು ಹಾಗೆ. ಬೀಡಿ ಬಿಟ್ಟು ಗುಟ್ಕಾ ಹಿಡಿಯುವವರೂ ನಮ್ಮಲ್ಲಿ ಕಡಿಮೆಯಿಲ್ಲ. 2013ರಲ್ಲೇ ರಾಜ್ಯದಲ್ಲಿ ನಿಷೇಧವಾದ ಗುಟ್ಕಾ ಈಗ ಎರಡು ಚೀಟಿಯಾಗಿ ಕೈಗೆ ಬರುತ್ತದೆ. ಅಡಿಕೆ ನಾಡಿನಲ್ಲಿ ಈ ಮಾತು ಆಡಲು ಸಂಕೋಚವೇ, ಆದರೂ ಹೊಗೆಸೊಪ್ಪಿಗೆ ಮನೆ ಬದಲಿಸಿಕೊಟ್ಟರೆ ಬಿಟ್ಟಂತೆ ಆಗಲಿಲ್ಲ.

ಈಗ ಕೆಲಸದ ಮಾತು. ದೇಶದಾದ್ಯಂತ 2016-17ರಲ್ಲಿ ನಡೆದ ಸಮೀಕ್ಷೆಯಲ್ಲಿ ಸೇದುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು. ಹಾಗಾದರೆ ನಿಮ್ಮ ಕಟ್ಟೆಯಲ್ಲಿ ಪಕ್ಕ ಕೂತವನ ಮನಸ್ಸಿನಲ್ಲೂ ಅದೇ ಇರಬಹುದು. ಬಾಯಿ ಬಿಟ್ಟು ಕೇಳಿ. ನಾಲ್ಕೈದು ಜನ ಸಾಕು. ದಿನಾ ಮುಖ ನೋಡುವವರೇ ಆಗಬೇಕು. ಒಂದು ದಿನ ಗೊತ್ತು ಮಾಡಿಕೊಳ್ಳಿ: ಸಂತೆಯ ದಿನ ಬೇಡ, ಮದುವೆ-ತಿಥಿಯ ವಾರ ಬೇಡ, ಅಡಿಕೆ ಕೊಯ್ಲಿನ ನಡುವೆ ಖಂಡಿತ ಬೇಡ. ಹಿಂದಿನ ರಾತ್ರಿ ಉಳಿದ ಕಟ್ಟುಗಳನ್ನೆಲ್ಲ ಒಟ್ಟಿಗೆ ನೀರಿಗೆ ಹಾಕಿ. ಬೆಂಕಿಗೆ ಬೇಡ, ವಾಸನೆಗೇ ಮನಸ್ಸು ಎಳೆಯುತ್ತದೆ. ಕೂರುವ ಜಾಗವನ್ನೂ ಹದಿನೈದು ದಿನ ಬದಲಿಸಿ. ಸೇದಬೇಕು ಎನ್ನಿಸುವ ಒತ್ತಡ ಒಂದೊಂದು ಸಲಕ್ಕೆ ಐದಾರು ನಿಮಿಷ ಇರುತ್ತದೆ. ಅಷ್ಟು ಹೊತ್ತು ಗುಂಪಿನವನೊಬ್ಬನಿಗೆ ಫೋನ್ ಮಾಡಿ ಮಳೆ, ಅಡಿಕೆ ರೇಟು, ಏನಾದರೂ ಮಾತಾಡಿ. ಜಾರಿ ಒಂದು ಸೇದಿದವನು ಎರಡನೆಯದು ಹಚ್ಚುವ ಮುಂಚೆ ಗುಂಪಿಗೆ ಹೇಳಬೇಕು, ಕೇಳಿದವರು ನಗಬಾರದು. ನಮ್ಮ ಐವರಲ್ಲಿ ಇದ್ದದ್ದು ಈ ಒಂದೇ ಕಟ್ಟಳೆ.

ದಿನಕ್ಕೆ ಮೂವತ್ತು ರೂಪಾಯಿ ಬೀಡಿಗೆ ಹಾಕುವವನಿಗೆ ವರ್ಷಕ್ಕೆ 10,950 ರೂಪಾಯಿ. ಆ ದುಡ್ಡನ್ನು ಗುಂಪಿನಲ್ಲೇ ಡಬ್ಬಿಗೆ ಹಾಕಿದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ.

ಗುಂಪು ಸಾಲದಿದ್ದರೆ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಬೀಡಿ, ಸಿಗರೇಟಿನ ಪ್ಯಾಕಿನ ಮೇಲೆ 2018ರಿಂದ ಅಚ್ಚಾಗುತ್ತಿರುವ ನಂಬರೇ ಇದು. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಬಹಳ ವರ್ಷ ಸೇದಿದವರು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ನಿಕೋಟಿನ್ ಗಮ್ ಬಗ್ಗೆ ಕೇಳಿ. ಅದನ್ನು ಬಬಲ್‌ಗಮ್‌ನಂತೆ ಅಗಿಯುತ್ತಿರಬಾರದು. ನಿಧಾನವಾಗಿ ಅಗಿದು, ಖಾರ ಅನ್ನಿಸಿದಾಗ ಕೆನ್ನೆಯಲ್ಲಿ ಇಟ್ಟುಕೊಳ್ಳಬೇಕು.

ಈ ಕರಪತ್ರದ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಐದು ಹೆಸರು, ಐದು ಫೋನ್ ನಂಬರ್, ಒಂದು ತಾರೀಕು ಬರೆಯುವಷ್ಟು ಜಾಗವಿದೆ. ಮೊದಲ ಹೆಸರು ನಿಮ್ಮದಿರಲಿ. ಪೆನ್ನು ಇಲ್ಲದಿದ್ದರೆ ಬೀಡಿ ಅಂಗಡಿಯಲ್ಲೇ ಕೇಳಿ. ಉದ್ರಿ ಬರೆಯಲು ಅವರ ಹತ್ತಿರ ಒಂದು ಇದ್ದೇ ಇರುತ್ತದೆ.