ಗ್ಯಾಸ್ ಎಲ್ಲಿ ಹೋಯಿತು?

ಕಳೆದ ಮೇ ತಿಂಗಳಲ್ಲಿ ಚಿಕ್ಕೋಡಿಯಿಂದ ನಾವು ಹನ್ನೆರಡು ಮಂದಿ ಬಂಧುಗಳು ಕಾಶಿಯಾತ್ರೆಗೆ ಹೊರಟೆವು. ಬಾಡಿಗೆಯ ಹಳೆಯ ಮಿನಿಬಸ್ಸೇ ನಮ್ಮ ಮನೆ. ಹಾಸಿಗೆ, ಒಲೆ, ರೊಟ್ಟಿಬುಟ್ಟಿ ಎಲ್ಲವೂ ಅದರೊಳಗೆ. ನಾಗಪುರ ದಾಟುವಷ್ಟರಲ್ಲಿ ಅದರ ಛಾವಣಿಯ ಎ.ಸಿ. ಬಿಸಿಗಾಳಿಯನ್ನೇ ಊದತೊಡಗಿತು. ಎಂಬತ್ತು ದಾಟಿದ ದೊಡ್ಡವ್ವ ಬಿಸಿಲಿನ ಝಳಕ್ಕೆ ಎಚ್ಚರ ತಪ್ಪಿದರು. ಆ ರಾತ್ರಿಯನ್ನು ಆಸ್ಪತ್ರೆಯಲ್ಲಿ ಕಳೆದೆವು.

ಹೊರಡುವ ಮುನ್ನ ಮೆಕ್ಯಾನಿಕ್ ಒಬ್ಬರು "ಗ್ಯಾಸ್ ಮುಗಿದಿದೆ" ಎಂದಿದ್ದರು. ವಿಜ್ಞಾನ ಬೋಧಿಸಿದ ನಾನೂ ಪ್ರಶ್ನಿಸದೆ ತಲೆಯಾಡಿಸಿದ್ದೆ.

ಮರಳಿದ ಮೇಲೆ ನಿಪ್ಪಾಣಿಯಲ್ಲಿ ಗ್ಯಾರೇಜು ನಡೆಸುವ ನನ್ನ ಹಳೆಯ ವಿದ್ಯಾರ್ಥಿ ಬಸ್ಸಿನ ಮೇಲೇರಿ ನೋಡಿ ನಕ್ಕ: "ಸರ್, ಆವಿಯಾಗಿದ್ದು ತಿರುಗಿ ದ್ರವ ಆಗತೈತಿ, ಖರ್ಚಾಗೂದಿಲ್ಲಂತ ನೀವೇ ಕಲಿಸಿದ್ರಲ್ರಿ?"

ನಾನು ನಾಚಿದೆ. ಮುಚ್ಚಿದ ಕೊಳವೆಗಳಲ್ಲಿ ಗ್ಯಾಸು ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಕಂಡೆನ್ಸರಿನಲ್ಲಿ ದ್ರವವಾಗುತ್ತ ಅದನ್ನು ಹೊರಗೆ ಬಿಡುತ್ತದೆ. ಅದು ಡೀಸೆಲ್ಲಿನಂತೆ ಉರಿದು ತೀರುವುದಿಲ್ಲ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ನಮ್ಮ ಬಸ್ಸಿನಲ್ಲಿ ರಸ್ತೆಯ ಕುಲುಕಾಟಕ್ಕೆ ಒಂದು ಜೋಡಣೆ ಸಡಿಲಾಗಿತ್ತು; ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಕಬ್ಬಿನ ರವದಿಯ ಚೂರು ತುಂಬಿದ್ದವು.

ಆತ ನೈಟ್ರೋಜನ್ ಒತ್ತಡ ಕೊಟ್ಟು, ಸಾಬೂನಿನ ನೊರೆಯಿಂದ ಸೋರಿಕೆ ಹುಡುಕಿ, ಜೋಡಣೆ ಸರಿಪಡಿಸಿ, ಪಂಪಿನಿಂದ ಒಳಗಿನ ಗಾಳಿ, ತೇವ ಹೊರಗೆಳೆದ ಬಳಿಕವೇ ಗ್ಯಾಸು ತುಂಬಿದ. ರೆಕ್ಕೆಗಳನ್ನು ಮೃದುವಾದ ಬ್ರಶ್ಶು, ಹಗುರವಾದ ನೀರಿನಿಂದ ತೊಳೆದ. ಜೋರಾದ ನೀರಿಗೆ ಅವು ಬಾಗುತ್ತವಂತೆ. ಚಳಿಗಾಲದಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಎ.ಸಿ. ನಡೆಸಬೇಕು, ಇಲ್ಲವಾದರೆ ಕಂಪ್ರೆಸರಿನ ಸೀಲು ಒಣಗುತ್ತದೆ ಎಂದೂ ಹೇಳಿದ.

ಇದು ಕೇವಲ ಹಣದ ಮಾತಲ್ಲ. ವಾಹನಗಳ ಎ.ಸಿ.ಗಳಲ್ಲಿ ಹೆಚ್ಚಾಗಿ ಬಳಕೆಯಾಗುತ್ತ ಬಂದ ಆರ್-134ಎ ಅನಿಲವು, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಇಂಥ ಅನಿಲಗಳನ್ನು ತಗ್ಗಿಸಲೆಂದೇ 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಸೋರುವ ಕೊಳವೆಗೆ ಮತ್ತೆ ಮತ್ತೆ ಗ್ಯಾಸು ತುಂಬಿಸುವುದೆಂದರೆ ತಂಪಿನ ಹೆಸರಿನಲ್ಲಿ ಬಿಸಿಯನ್ನು ಕೊಂಡಂತೆ.

ಅಥಣಿ, ಕಾಗವಾಡ, ರಾಯಬಾಗಗಳಲ್ಲಿ ವಾಹನ ಇಟ್ಟುಕೊಂಡಿರುವ ನನ್ನ ಶಿಷ್ಯರೇ, ಯುಗಾದಿಗೆ ಮುಂಚೆ ಒಮ್ಮೆ ಛಾವಣಿ ಹತ್ತಿ ನೋಡಿ. "ಗ್ಯಾಸ್ ಮುಗಿದಿದೆ" ಎಂದವರಿಗೆ ಹಣ ಕೊಡುವ ಮೊದಲು "ಎಲ್ಲಿ ಸೋರಿತು?" ಎಂದು ಕೇಳಿ. ನಾನು ಕೇಳಲಿಲ್ಲ, ಅದರ ಬೆಲೆ ತೆತ್ತವರು ದೊಡ್ಡವ್ವ.