ಪುಸ್ತಕದ ಜವ, ರಸ್ತೆಯ ಜವರಾಯ

ಹೋದ ಸುಗ್ಗಿಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಕಾಲಿಗೆ ಪಟ್ಟು ಹಾಕಿಸಿಕೊಂಡು ಮಲಗಿದ್ದ. ಓದುತ್ತಿರುವುದು ಹತ್ತನೇ ತರಗತಿ. ಮಾವನ ಬೈಕ್ ತೆಗೆದುಕೊಂಡು ಹೊನ್ನೂರಿನಿಂದ ಯಳಂದೂರಿಗೆ ಹೊರಟವನು, ದಾರಿಬದಿ ನಿಂತಿದ್ದ ಕಬ್ಬಿನ ಟ್ರೈಲರ್‌ಗೆ ಹಿಂದಿನಿಂದ ಗುದ್ದಿದ್ದ. ನೋಡಲು ಹೋದಾಗ ಹೇಳಿದ್ದು ಒಂದೇ ಮಾತು:

"ಟ್ರೈಲರ್ ಕಾಣ್ತು ಕನಣ್ಣ. ಬ್ರೇಕೂ ಹಿಡ್ದೆ. ಗಾಡಿ ನಿಲ್ನೇ ಇಲ್ಲ."

ಓದಿನಲ್ಲಿ ಅವನು ಚುರುಕು. ಒಂಬತ್ತನೇ ತರಗತಿಯ 'ಚಲನೆ' ಪಾಠದ ಮೂರನೇ ಸಮೀಕರಣ ಯಾವುದು ಎಂದು ಕೇಳಿದೆ. ಮಲಗಿದ್ದಲ್ಲೇ ಒಂದೇ ಉಸಿರಿಗೆ ಒಪ್ಪಿಸಿದ: "ವಿ ಸ್ಕ್ವೇರ್ ಈಕ್ವಲ್ಸ್ ಯು ಸ್ಕ್ವೇರ್ ಪ್ಲಸ್ ಟು ಎ ಎಸ್." ಪರೀಕ್ಷೆಯಲ್ಲಿ ಆ ಲೆಕ್ಕಕ್ಕೆ ಪೂರ್ತಿ ಅಂಕ ಬಂದಿತ್ತಂತೆ.

"ನಿನ್ನ ಗಾಡಿ ಯಾಕೆ ನಿಲ್ಲಲಿಲ್ಲ ಅನ್ನೋದು ಅದೇ ಸೂತ್ರದಲ್ಲಿದೆ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ.

ನನ್ನ ಮಾತು ಇಷ್ಟೇ. ನಮ್ಮ ಹಳ್ಳಿಯ ಮಕ್ಕಳ ಜೀವ ಉಳಿಸಬಲ್ಲ ಪಾಠ ಅವರ ಪುಸ್ತಕದಲ್ಲೇ ಇದೆ. ನಾವು ಅದನ್ನು ಬರೀ ಅಂಕದ ಪಾಠ ಮಾಡಿಬಿಟ್ಟಿದ್ದೇವೆ.

ಪುಸ್ತಕದಲ್ಲಿ ಸ್ಪೀಡ್‌ಗೆ 'ಜವ' ಎನ್ನುತ್ತಾರೆ. ಅದಕ್ಕೆ ದಿಕ್ಕನ್ನೂ ಸೇರಿಸಿದರೆ 'ವೇಗ'. ವೇಗ ಬದಲಾಗುವ ದರ 'ವೇಗೋತ್ಕರ್ಷ'. ಈ ಪದಗಳನ್ನು ಕಂಡರೆ ಮಕ್ಕಳು ಹೆದರುತ್ತಾರೆ. ಆದರೆ ನಮ್ಮ ಕಡೆ ಜವ ಎಂದರೆ ಏನು ಅಂತ ಅಜ್ಜಿಯನ್ನು ಕೇಳಿ ನೋಡಿ. ಜವ ಅಂದರೆ ಯಮ, ಜವರಾಯ. ಜವರಯ್ಯ, ಜವರಮ್ಮ ಎಂಬ ಹೆಸರಿನವರು ಊರೂರಲ್ಲೂ ಇದ್ದಾರೆ. ಪುಸ್ತಕದ ಜವಕ್ಕೂ ಈ ಜವರಾಯನಿಗೂ ನಂಟಿಲ್ಲದಿರಬಹುದು. ರಸ್ತೆಯಲ್ಲಿ ಮಾತ್ರ ಇಬ್ಬರೂ ಜೊತೆಯಲ್ಲೇ ಓಡಾಡುತ್ತಾರೆ.

ಈಗ ಲೆಕ್ಕ. ಫೋನ್ ಕೆಳಗಿಡಬೇಡಿ, ಕಷ್ಟದ ಲೆಕ್ಕವಲ್ಲ.

ಬೈಕಿನ ಮೀಟರ್ ಗಂಟೆಗೆ 36 ಕಿ.ಮೀ. ತೋರಿಸುತ್ತಿದೆ. ಅಂದರೆ ಸೆಕೆಂಡಿಗೆ 10 ಮೀಟರ್. ಎದುರಿಗೆ ಏನೋ ಕಂಡಿತು. ಕಣ್ಣು ಕಂಡು, ತಲೆಗೆ ಹೊಳೆದು, ಕೈಕಾಲು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಆಯಿತು ಎಂದಿಟ್ಟುಕೊಳ್ಳೋಣ. ಗಾಡಿ ಆಗಲೇ 10 ಮೀಟರ್ ಮುಂದೆ ಹೋಗಿರುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ವೇಗ ಇಳಿಸುತ್ತದೆ ಎಂದುಕೊಂಡರೆ, ನಿಲ್ಲಲು ಇನ್ನೂ 10 ಮೀಟರ್ ಬೇಕು. ಒಟ್ಟು 20 ಮೀಟರ್. ಹೆಚ್ಚುಕಡಿಮೆ ಒಂದು ಕ್ರಿಕೆಟ್ ಪಿಚ್ಚಿನ ಉದ್ದ.

ಈಗ ಅದೇ ಬೈಕ್ 72ರಲ್ಲಿ ಹೋಗುತ್ತಿದೆ. ಜವ ಎರಡು ಪಟ್ಟು. ನಿಲ್ಲುವ ದೂರವೂ ಎರಡು ಪಟ್ಟು, ಎರಡು ಪಿಚ್ಚು ಸಾಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಪ್ಪು. ಯೋಚನೆಯ ಒಂದು ಸೆಕೆಂಡಿನಲ್ಲೇ 20 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ಬೇಕಾಗುವುದು 20 ಮೀಟರ್ ಅಲ್ಲ, 40 ಮೀಟರ್. ಒಟ್ಟು 60. ಮೂರು ಪಿಚ್ಚು!

ಯಾಕೆ ಹೀಗೆ? ಆ ಸೂತ್ರದಲ್ಲಿ ವೇಗದ ಮೇಲೆ ಕೂತಿರುವ 'ಸ್ಕ್ವೇರ್' ಇದೆಯಲ್ಲ, ಅದರ ಕೆಲಸ ಇದು. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಹಾಗಾದರೆ 72ರಲ್ಲಿ ಬರುವವನಿಗೆ 40 ಮೀಟರ್ ದೂರದಲ್ಲಿ ಟ್ರೈಲರ್ ಕಂಡರೆ? ಮೊದಲ 20 ಮೀಟರ್ ಯೋಚನೆಗೆ ಹೋಯಿತು. ಉಳಿದ 20 ಮೀಟರ್ ಪೂರ್ತಿ ಬ್ರೇಕ್ ಹಿಡಿದರೂ ಅವನು ಗುದ್ದುವುದು ಗಂಟೆಗೆ 50 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ. ನಮ್ಮ ಹುಡುಗ ಸುಳ್ಳು ಹೇಳಿರಲಿಲ್ಲ. ಟ್ರೈಲರ್ ಕಂಡಿತ್ತು, ಬ್ರೇಕೂ ಹಿಡಿದಿದ್ದ. ರಸ್ತೆ ಸಾಲಲಿಲ್ಲ, ಅಷ್ಟೇ.

ಇದು ಒಣ ರಸ್ತೆಯ ಮಾತು. ನಮ್ಮ ಕಡೆ ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿ ಹರಡುತ್ತೇವೆ, ಬಸ್ಸು ಲಾರಿಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ಹುಲ್ಲಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ. ಇದೇ ಘರ್ಷಣೆಯ ಪಾಠ. ಹಿಡಿತ ಅರ್ಧಕ್ಕೆ ಇಳಿದರೆ ಬ್ರೇಕಿನ ದೂರ ಎರಡು ಪಟ್ಟಾಗುತ್ತದೆ. ರೈತನಿಗೆ ಕಣ ಇಲ್ಲ ಎಂಬ ಕಷ್ಟ ನನಗೂ ಗೊತ್ತು, ನಮ್ಮ ಮನೆಯವರೂ ಹರಡಿದವರೇ. ಆದರೆ ತಿರುವಿನಲ್ಲಾದರೂ ಬೇಡ ಎಂದು ಮನೆಯಲ್ಲಿ ಹೇಳಬೇಕಾದವರು ಈ ಪಾಠ ಓದಿದ ಮಕ್ಕಳೇ.

1687ರಲ್ಲಿ ನ್ಯೂಟನ್ ಪ್ರಕಟಿಸಿದ ಚಲನೆಯ ನಿಯಮಗಳೂ ನಮಗೆ ಹೊಸದಲ್ಲ. ಓಡುವ ಬಸ್ಸಿನಿಂದ ಇಳಿದವನು ನಾಲ್ಕು ಹೆಜ್ಜೆ ಮುಂದಕ್ಕೆ ಓಡದಿದ್ದರೆ ಮುಖ ಅಡಿಯಾಗಿ ಬೀಳುತ್ತಾನೆ. ಕಾಲು ನಿಂತರೂ ಮೈ ನಿಲ್ಲುವುದಿಲ್ಲ. ಅದೇ ಜಡತ್ವ. ಬೈಕ್ ಟ್ರೈಲರ್‌ಗೆ ಗುದ್ದಿ ನಿಂತಾಗ ಸವಾರ ನಿಲ್ಲದೆ ಮುಂದಕ್ಕೆ ಹಾರುವುದೂ ಅದಕ್ಕೇ.

ಗಾರೆ ಕೆಲಸದಲ್ಲಿ ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಮೇಲೆ ನಿಂತವರು ಹೇಗೆ ಹಿಡಿಯುತ್ತಾರೆ ನೋಡಿ. ಕೈಯನ್ನು ಗಟ್ಟಿಯಾಗಿ ಒಡ್ಡುವುದಿಲ್ಲ, ಇಟ್ಟಿಗೆಯ ಜೊತೆಗೇ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಿಲ್ಲುವ ಸಮಯ ಹೆಚ್ಚಾದರೆ ಪೆಟ್ಟು ಕಡಿಮೆ. ಹೆಲ್ಮೆಟ್ ಒಳಗಿನ ಥರ್ಮಕೋಲ್ ಮಾಡುವುದೂ ಇದನ್ನೇ. ಅದು ನುಜ್ಜುಗುಜ್ಜಾಗುತ್ತಾ ತಲೆಗೆ ನಿಲ್ಲಲು ಒಂದಿಷ್ಟು ಸಮಯ ಕೊಡುತ್ತದೆ. ಪೊಲೀಸರ ಕಣ್ಣಿಗಾಗಿ ಹಾಕುವ ತೆಳ್ಳನೆ ಟೋಪಿಯಲ್ಲಿ ಆ ಥರ್ಮಕೋಲೇ ಇರುವುದಿಲ್ಲ.

ಇಷ್ಟನ್ನು ಕಲಿಸಲು ಲ್ಯಾಬ್ ಬೇಕಿಲ್ಲ, ಶಾಲೆಯ ಮೈದಾನ ಸಾಕು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಕೊಟ್ಟ ಸೈಕಲ್ಲುಗಳು ಹಳ್ಳಿಯಲ್ಲಿ ಇನ್ನೂ ಓಡಾಡುತ್ತಿವೆ. ಮೈದಾನದಲ್ಲಿ 10 ಮೀಟರ್ ಅಳೆದು ಸುಣ್ಣದಲ್ಲಿ ಎರಡು ಗೆರೆ ಎಳೆಯಿರಿ. ಮೊದಲ ಸಲ ಆ ದೂರವನ್ನು 4 ಸೆಕೆಂಡಿನಲ್ಲಿ ದಾಟಿ, ಎರಡನೇ ಗೆರೆಯ ಮೇಲೆ ಹಿಂದಿನ ಬ್ರೇಕ್ ಹಿಡಿಯಲಿ. ಎಲ್ಲಿ ನಿಂತಿತು, ಟೇಪಿನಲ್ಲಿ ಅಳೆಯಿರಿ. ಎರಡನೇ ಸಲ 2 ಸೆಕೆಂಡಿನಲ್ಲಿ ದಾಟಿ ಅಲ್ಲೇ ಬ್ರೇಕ್ ಹಿಡಿಯಲಿ. ದೂರ ಹೆಚ್ಚುಕಡಿಮೆ ನಾಲ್ಕು ಪಟ್ಟು ಬರುತ್ತದೆ. ಒಮ್ಮೆ ಕೈಯಾರೆ ಅಳೆದ ಮಗು ಆ ಸ್ಕ್ವೇರನ್ನು ಸಾಯುವತನಕ ಮರೆಯುವುದಿಲ್ಲ.

ಮನೆಯಲ್ಲೇ ಮಾಡುವುದಾದರೆ ನೀರಿನ ಪೈಪ್ ತನ್ನಿ. 20 ಅಡಿ ಪೈಪಿನ ಒಂದು ತುದಿಯನ್ನು ಒಂದು ಅಡಿ ಎತ್ತರಿಸಿ, ನಡುವೆ ಜೋತುಬೀಳದಂತೆ ಆಸರೆ ಕೊಟ್ಟು, ಗೋಲಿ ಬಿಡಿ. ಫೋನಿನಲ್ಲಿ ಸಮಯ ನೋಡಿ. ಆಮೇಲೆ 5 ಅಡಿ ತುಂಡನ್ನು ಮೂರು ಇಂಚು ಎತ್ತರಿಸಿ ಅದೇ ಗೋಲಿ ಬಿಡಿ. ಉದ್ದ ಕಾಲು ಭಾಗ, ಆದರೆ ಸಮಯ ಕಾಲು ಭಾಗ ಆಗುವುದಿಲ್ಲ, ಅರ್ಧದ ಆಸುಪಾಸು ಬರುತ್ತದೆ. ಗೆಲಿಲಿಯೊ ಇಂಥದ್ದೇ ಇಳಿಜಾರಿನಲ್ಲಿ ಗುಂಡು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಸಮಯ ಲೆಕ್ಕ ಹಾಕಿದ್ದ. 1638ರ ತನ್ನ ಪುಸ್ತಕದಲ್ಲಿ ಅದನ್ನು ಬರೆದ. ನಮ್ಮ ಮಕ್ಕಳ ಕೈಯಲ್ಲಿ ಅವನ ಬಳಿ ಇಲ್ಲದ ಸ್ಟಾಪ್‌ವಾಚ್ ಇದೆ.

ಮೇಷ್ಟ್ರುಗಳು ಏನು ಹೇಳುತ್ತಾರೆ ಎಂಬುದು ಗೊತ್ತು. ಪಾಠ ಮುಗಿಸಬೇಕು, ದಾಖಲೆ ಬರೆಯಬೇಕು, ಫಲಿತಾಂಶ ಕಡಿಮೆಯಾದರೆ ಉತ್ತರ ಕೊಡಬೇಕು. ಎಲ್ಲ ನಿಜ. ನಾನು ಕೇಳುತ್ತಿರುವುದು ಎರಡು ಪೀರಿಯಡ್ ಮಾತ್ರ. ಅಳೆದು ಕಲಿತ ಮಗುವಿಗೆ ಪರೀಕ್ಷೆಯ ಲೆಕ್ಕವೂ ಸುಲಭವಾಗುತ್ತದೆ.

ಎಲ್ಲವನ್ನೂ ಮೇಷ್ಟ್ರ ತಲೆಗೆ ಕಟ್ಟುವುದೂ ಸರಿಯಲ್ಲ. ಹದಿನೈದರ ಹುಡುಗನ ಕೈಗೆ ಬೈಕಿನ ಕೀ ಕೊಡುವವರು ನಾವೇ. ಹಾಲು ಹಾಕಿ ಬಾ, ಗೊಬ್ಬರ ತಾ, ಅಕ್ಕನನ್ನು ಬಸ್ ಸ್ಟಾಪಿಗೆ ಬಿಟ್ಟು ಬಾ ಎನ್ನುವವರೂ ನಾವೇ. ಗೇರ್ ಬೈಕಿಗೆ 18 ತುಂಬಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಕೇಸಾದರೆ ಹೇಗಾದರೂ ಸರಿಮಾಡಿಕೊಳ್ಳಬಹುದು ಎಂದುಕೊಳ್ಳುವವರಿದ್ದಾರೆ. ಆ ಸ್ಕ್ವೇರಿನ ಹತ್ತಿರ ಮಾತ್ರ ಯಾರ ಶಿಫಾರಸೂ ನಡೆಯುವುದಿಲ್ಲ.

ಹುಡುಗನ ಪಟ್ಟು ಈಗ ಬಿಚ್ಚಿದ್ದಾರೆ, ಕುಂಟುತ್ತಾ ಶಾಲೆಗೆ ಹೋಗುತ್ತಿದ್ದಾನೆ. ಮೊನ್ನೆ ಸಿಕ್ಕಾಗ ತಾನೇ ಹೇಳಿದ: "ಅಣ್ಣ, ಲೆಕ್ಕ ಹಾಕಿ ನೋಡ್ದೆ. ನಲ್ವತ್ತರಲ್ಲಿ ಹೋಗಿದ್ರೆ ನಿಂತ್ಕತಿತ್ತು."

ಬೈಕ್ ಹತ್ತುವ ಮೊದಲೇ ನಮ್ಮ ಮಕ್ಕಳು ಆ ಲೆಕ್ಕ ಹಾಕುವಂತಾಗಲಿ.