ಯುವ ಅಂಗಳ: ಕಾಲು ನೆಲಕ್ಕೆ ಎಟುಕಬೇಕಲ್ಲ!



ಸಂಘದ ಕಾರ್ಯಕ್ರಮ ಮುಗಿಸಿ ಕಾಚಿಗುಡದಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಹುಡುಗಿಯೊಬ್ಬಳು ಪಕ್ಕಕ್ಕೆ ಕರೆದು, "ಕಾಕಾ, ಬೈಕ್ ತೊಗೋಬೇಕಂತ ರೊಕ್ಕ ಕೂಡಿಸೀನಿ. ಆದ್ರ ನಾ ಐದಡಿ ಒಂದಿಂಚು. ಅಪ್ಪಾ ಸ್ಕೂಟರೇ ತೊಗೋ ಅಂತಾರ. ನನಗ ಬೈಕ್ ಆಗಂಗಿಲ್ಲೇನು?" ಎಂದಳು. ನನ್ನನ್ನೇ ಯಾಕೆ ಕೇಳಿದಳೆಂದು ನನ್ನನ್ನು ಕಂಡವರಿಗೆ ಗೊತ್ತು. ನಾನು ಐದಡಿ ಎರಡಿಂಚು.

ಅವಳ ವಯಸ್ಸಿನಲ್ಲಿ ನಾನು ಗೆಳೆಯರ ಮಾತಿಗೆ ಉಬ್ಬಿ ಭಾರಿ ಬೈಕೊಂದನ್ನು ಕೊಂಡಿದ್ದೆ. ಬಂಜಾರಾ ಹಿಲ್ಸಿನ ಏರಿನಲ್ಲಿ ಕೆಂಪು ದೀಪ ಬಿತ್ತು. ಎಡಗಾಲು ಊರಲು ಹೋದೆ. ರಸ್ತೆಯ ಎಡ ಅಂಚು ತಗ್ಗು, ನೆಲವೇ ಸಿಗಲಿಲ್ಲ. ಬೈಕು ನಿಧಾನವಾಗಿ, ಎಮ್ಮೆ ಮಲಗುವಂತೆ, ಮಲಗಿತು. ಹಿಂದೆಯೇ ಬಸ್ಸು. ಡ್ರೈವರ್ ಪುಣ್ಯಾತ್ಮ, ಬ್ರೇಕ್ ಹಾಕಿದ. ಎರಡು ತಿಂಗಳು ಗಾಡಿ ಮುಟ್ಟಲಿಲ್ಲ, ಕೊನೆಗೆ ನಷ್ಟಕ್ಕೆ ಮಾರಿದೆ.

ಆಗ ಯಾರೂ ಹೇಳದಿದ್ದ ಮಾತು ಇದು: ಸೀಟಿನ ಎತ್ತರವೊಂದನ್ನೇ ನೋಡಬೇಡಿ. ಸ್ಪ್ಲೆಂಡರ್ ಪ್ಲಸ್‌ನ ಸೀಟು 785 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಹಂಟರ್ 350ರದು 790. ವ್ಯತ್ಯಾಸ ಅರ್ಧ ಸೆಂಟಿಮೀಟರ್. ತೂಕ ನೋಡಿ: ಮೊದಲನೆಯದು ಸುಮಾರು 112 ಕಿಲೋ, ಎರಡನೆಯದು 181. ವಾಲಿದ ಗಾಡಿಯನ್ನು ತಡೆದು ಹಿಡಿಯುವಾಗ ಆ 70 ಕಿಲೋ ತೊಡೆಗೆ ಗೊತ್ತಾಗುತ್ತದೆ. ಅವೆಂಜರ್ 220 ಕ್ರೂಸಿನ ಸೀಟು 737 ಮಾತ್ರ, ಕುಳ್ಳರಿಗೆ ಸ್ವರ್ಗವೆನ್ನಿಸುತ್ತದೆ. ಆದರೆ ಗಾಡಿ ಉದ್ದ, ಕಾಲಿಡುವ ಜಾಗ ಮುಂದೆ. ಸುಲ್ತಾನ್ ಬಜಾರಿನ ಗಲ್ಲಿಯಲ್ಲಿ ತಿರುಗಿಸಿ ನೋಡಿ, ಆಮೇಲೆ ಮಾತಾಡೋಣ.

ಸೀಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ಅಗಲವಾದರೆ ತೊಡೆಗಳು ಹರಡಿ ಕಾಲು ಗಿಡ್ಡವಾದಂತೆಯೇ. ಅಂಗಡಿಗೆ ಹೋಗುವ ಮೊದಲು ಗೋಡೆಗೆ ಒರಗಿ ನಿಂತು, ಕಾಲುಗಳ ನಡುವೆ ದಪ್ಪ ಪುಸ್ತಕವಿಟ್ಟು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ನಿಮ್ಮ ಎತ್ತರಕ್ಕಿಂತ ಈ ಅಳತೆಯೇ ಮುಖ್ಯ. ದಿನಾ ಹಾಕುವ ಬೂಟಿನಲ್ಲೇ ಹೋಗಿ. ಎರಡು ಪಾದವೂ ಪೂರ್ತಿ ಊರಬೇಕೆಂದಿಲ್ಲ. ಸ್ವಲ್ಪ ಎಡಕ್ಕೆ ಜರುಗಿ ಎಡಪಾದ ಚೆನ್ನಾಗಿ ಊರಿದರೆ, ಬಲಪಾದ ಹಿಂದಿನ ಬ್ರೇಕಿನ ಮೇಲಿರುತ್ತದೆ. ಏರಿನಲ್ಲಿ ನಿಲ್ಲುವ ಉಪಾಯವೂ ಇದೇ. ಕೂತಲ್ಲೇ ಸಂತೋಷಪಟ್ಟು ಎದ್ದು ಬರಬೇಡಿ, ಇಳಿದು ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿ.

"ಶಾಕಬ್ಸರ್ ಇಳಿಸಿಬಿಡಿ" ಎನ್ನುವ ಮೆಕಾನಿಕ್ ಸಿಗುತ್ತಾನೆ. ಇಳಿಸಿದರೆ ನಮ್ಮ ಸ್ಪೀಡ್ ಬ್ರೇಕರುಗಳು ಹೊಟ್ಟೆ ಕೆರೆಯುತ್ತವೆ. ಸೈಡ್ ಸ್ಟ್ಯಾಂಡ್ ಹಾಕಿದಾಗ ಗಾಡಿ ನೆಟ್ಟಗೆ ನಿಂತು ಆ ಕಡೆಗೇ ಉರುಳಲೂಬಹುದು. ಬೇಕಿದ್ದರೆ ಸೀಟಿನ ಸ್ಪಂಜು ಸ್ವಲ್ಪ ಕೊರೆಸಿ, ಅಷ್ಟು ಸಾಕು.

ಮೊದಲ ಗಾಡಿ ಹಳೆಯದಾದರೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಹೇಗಿದ್ದರೂ ಒಮ್ಮೆ ಬೀಳಿಸುತ್ತೀರಿ. 125 ಸಿಸಿ ದಾಟಿದ್ದಾದರೆ 2019ರ ಏಪ್ರಿಲ್ ನಂತರದ್ದನ್ನು ಹುಡುಕಿ, ಎಬಿಎಸ್ ಕಡ್ಡಾಯವಾದದ್ದು ಆಗಲೇ. ನಿಮ್ಮ ಅಪ್ಪ, ಮಾವಂದಿರು ಜಾವಾ, ಯೆಜ್ಡಿ ಕಥೆ ಹೇಳಿಯಾರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಅದರ ಗಾಡಿಗಳಲ್ಲಿ ಕಿಕ್ಕರೇ ಗೇರ್ ಕೂಡ. ಕಥೆ ಕೇಳಿ, ಹಳೆ ಯೆಜ್ಡಿಯನ್ನು ಮೊದಲ ಗಾಡಿಯಾಗಿ ತರಬೇಡಿ.

ಅಪ್ಪಂದಿರಿಗೂ ಒಂದು ಮಾತು. 2018ರಲ್ಲಿ ಜೈ ಭಾರತಿಯವರ ಮುಂದಾಳುತನದಲ್ಲಿ ನಾಲ್ವರು ಮಹಿಳೆಯರು ಹೈದರಾಬಾದಿನಿಂದ ಹೊರಟು ಬೈಕಿನಲ್ಲೇ ವಿಯೆಟ್ನಾಮಿನವರೆಗೆ ಹೋಗಿ ಬಂದರು. ನಿಮ್ಮ ಮಗಳು ಕೇಳುತ್ತಿರುವುದು ಆಫೀಸಿಗೆ ಹೋಗಿ ಬರಲು.

ಹೋದ ಭಾನುವಾರ ಆ ಹುಡುಗಿಯ ಫೋನು ಬಂತು. ಮೂರನೆಯ ಅಂಗಡಿಯಲ್ಲಿ ಹಳೆಯ ನೂರು ಸಿಸಿ ಗಾಡಿಯೊಂದು ಒಗ್ಗಿತಂತೆ. "ಕಾಕಾ, ಎಡಗಾಲು ಪೂರಾ ಊರ್ತದ!" ಐಎಸ್ಐ ಗುರುತಿನ ಹೆಲ್ಮೆಟ್ ಎರಡು ತೊಗೊಂಡಳಂತೆ. ಎರಡನೆಯದು ಯಾರಿಗೆ ಎಂದೆ. "ಅಪ್ಪಗ. ಹಿಂದ ಕೂತು ನೋಡ್ತೀನಿ ಅಂದಾರ."